ಮೊಳಕೆಯಲ್ಲಿ ಕಂಡೀತೇ ಬೆಳೆ?

ಬೆಳಗಿನ ರೈಲಿನಲ್ಲಿ ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ ದಾಟಿ ಸೇಡಮಿಗೆ ಕಾಲೇಜು ಕಲಿಯಲು ಹೋಗುವ ಹುಡುಗರಲ್ಲಿ ಅವನೂ ಒಬ್ಬ. ಬಿ.ಎಸ್ಸಿ. ಎರಡನೆಯ ವರ್ಷ. ಒಂದು ಹೆಗಲಿಗೆ ಪುಸ್ತಕದ ಚೀಲ, ಇನ್ನೊಂದಕ್ಕೆ ಕ್ರಿಕೆಟ್ ಕಿಟ್ಟು. ಆರಡಿ ಎತ್ತರ, ಉದ್ದನೆಯ ಕೈ. ಶಹಾಬಾದಿನಲ್ಲಿ ನಡೆದ ಅಂತರ ಕಾಲೇಜು ಪಂದ್ಯದಲ್ಲಿ ಆರು ವಿಕೆಟ್ ಕಿತ್ತ ಮೇಲೆ ವಾಡಿಯ ಓಣಿಯಲ್ಲಿ ಅವನ ಹೆಸರು ಎಲ್ಲರ ಬಾಯಲ್ಲಿ. 'ಬೆಳೆಯುವ ಪೈರು ಮೊಳಕೆಯಲ್ಲಿ' ಎಂಬ ಗಾದೆಯನ್ನು ನೆರೆಹೊರೆಯವರು ಅವನ ಅಪ್ಪನಿಗೆ ಎಷ್ಟು ಸಲ ಹೇಳಿದರೋ!

ಅಪ್ಪ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಹಾಯಕ. ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ, ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಎರಡು ದಿನ ಪರೀಕ್ಷೆ ಮಾಡಿಸಿಕೊಂಡು ಬಂದರು. ಚೆಂಡಿನ ವೇಗ ಅಳೆಯುವ ಯಂತ್ರ ಗಂಟೆಗೆ 128 ಕಿಲೋಮೀಟರ್ ತೋರಿಸಿತ್ತು. ಕೇಂದ್ರದವರು ಹುಡುಗನ ಬೆನ್ನು ತಟ್ಟಿ, 'ಇವನು ದೊಡ್ಡ ಆಟಗಾರ ಆಗುತ್ತಾನೆ. ಓದು ಒಂದು ವರ್ಷ ನಿಲ್ಲಿಸಿ, ಇಲ್ಲಿಯೇ ಬಿಡಿ' ಎಂದರು. ವರ್ಷದ ಖರ್ಚು ಎರಡು ಲಕ್ಷ ರೂಪಾಯಿ. ಭವಿಷ್ಯ ನಿಧಿಯಿಂದ ಹಣ ತೆಗೆಯುವ ಅರ್ಜಿಯನ್ನು ಅಪ್ಪ ತುಂಬಿಟ್ಟರು. ಕೊಡಲು ಮಾತ್ರ ಕೈ ಬರಲಿಲ್ಲ. ಮಗಳ ಮದುವೆ ಇನ್ನೂ ಆಗಬೇಕು. ತಾಯಿಯದು ಒಂದೇ ಮಾತು: "ಆಡಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸಾಲಿ ಬಿಡಿಸಬ್ಯಾಡ್ರಿ."

ಕೊನೆಗೆ ಒಂದು ಶನಿವಾರ ರಜೆ ಹಾಕಿ ಅವರು ಸೇಡಮಿಗೆ ಹೋದರು. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಮುಂದೆ ಕುಳಿತು ನೇರವಾಗಿ ಕೇಳಿದರು: "ಸರ್, ಹುಡುಗ ಆಟಗಾರ ಆಗ್ತಾನೋ ಇಲ್ಲೋ? ಖರೇ ಒಂದ್ ಮಾತು ಹೇಳ್ರಿ."

ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಹುಡುಕಲು ಜಗತ್ತಿನಲ್ಲಿ ಕೋಟಿಗಟ್ಟಲೆ ಹಣ ಸುರಿಯುವವರಿದ್ದಾರೆ. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಅದರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಎಸೆಯುತ್ತಾರೆ, ಓಡುತ್ತಾರೆ. ಚೆಂಡು ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಕಾಲೇಜಿನಲ್ಲಿ ಮಿಂಚಿದ ಇಂಥ ಹುಡುಗರನ್ನು ಪ್ರತಿ ವರ್ಷ ಇಂಡಿಯಾನಾಪೊಲಿಸ್ ನಗರದಲ್ಲಿ ಸೇರಿಸಿ ಅಳೆಯುತ್ತಾರೆ. ಎತ್ತರ, ತೂಕ, ಅಂಗೈ ಅಗಲ, 40 ಗಜ ಓಡಲು ಹಿಡಿಯುವ ಸಮಯ, ಎಲ್ಲದಕ್ಕೂ ಲೆಕ್ಕವಿದೆ. ಬಹುಕಾಲ 12 ನಿಮಿಷದಲ್ಲಿ 50 ಪ್ರಶ್ನೆ ಬಿಡಿಸುವ ಬುದ್ಧಿಪರೀಕ್ಷೆಯೂ ಇತ್ತು. ಆಮೇಲೆ ವೃತ್ತಿಪರ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ.

ಇಷ್ಟೆಲ್ಲ ಮಾಡಿದರೂ ಲೆಕ್ಕ ತಪ್ಪುತ್ತದೆ. 1998ರಲ್ಲಿ ಮೊದಲ ಆಯ್ಕೆ ಪೇಟನ್ ಮ್ಯಾನಿಂಗ್, ಎರಡನೆಯದು ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲು ಎಂದು ಆಗ ಬಲ್ಲವರೂ ವಾದಿಸಿದ್ದರು. ಮ್ಯಾನಿಂಗ್ ಆ ಆಟದ ಮಹಾನ್ ಆಟಗಾರರಲ್ಲಿ ಒಬ್ಬರಾದರು. ಲೀಫ್ ಕೆಲವೇ ವರ್ಷಗಳಲ್ಲಿ ಆಟ ಬಿಟ್ಟರು. 2000ದಲ್ಲಿ ಟಾಮ್ ಬ್ರಾಡಿ ಎಂಬ ತರುಣನನ್ನು ಆರಿಸಿದ್ದು 199ನೆಯವನಾಗಿ. ಅವನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾಗಿದ್ದರು. ಓಟದಲ್ಲಿ ಅವನು ನಿಧಾನಿ, ಮೈಕಟ್ಟು ಸಾಧಾರಣ. ಅದೇ ಬ್ರಾಡಿ ಏಳು ಸಲ ಚಾಂಪಿಯನ್ ತಂಡದಲ್ಲಿದ್ದು, 2023ರಲ್ಲಿ ನಿವೃತ್ತರಾದರು. ಅಳತೆಪಟ್ಟಿ ಸುಳ್ಳು ಹೇಳಿರಲಿಲ್ಲ. ಒತ್ತಡದ ನಡುವೆ ಶಾಂತವಾಗಿ ನೋಡುವ ಕಣ್ಣು, ಸೋತ ಮೇಲೂ ಕಲಿಯುವ ಗುಣ ಅದಕ್ಕೆ ಸಿಗುವ ವಸ್ತುಗಳಲ್ಲ, ಅಷ್ಟೇ.

ಕರ್ನಾಟಕದವರು ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿಯೇ ಪೋಲಿಯೋದಿಂದ ಸೊರಗಿತ್ತು. ಕೈಯ ಸುತ್ತಳತೆ ತೆಗೆದು ಆರಿಸುವುದಾಗಿದ್ದರೆ ಅವರು ಮೈದಾನದ ಹೊರಗೇ ಉಳಿಯುತ್ತಿದ್ದರು. ಅದೇ ಕೈ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆಯಿತು; 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ವಿಕೆಟ್ ಉರುಳಿಸಿ, ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ದಾರಿ ಮಾಡಿತು. ಅನಿಲ್ ಕುಂಬ್ಳೆ ಅವರ ಬಗ್ಗೆ 'ಚೆಂಡು ತಿರುಗುವುದೇ ಇಲ್ಲ, ಇವರೆಂಥ ಸ್ಪಿನ್ನರ್' ಎಂಬ ಟೀಕೆ ವರ್ಷಗಟ್ಟಲೆ ಇತ್ತು. ತಿರುಗದ ಆ ಚೆಂಡಿನಿಂದಲೇ ಅವರು 619 ಟೆಸ್ಟ್ ವಿಕೆಟ್ ಪಡೆದರು. ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಕುಂಬ್ಳೆ, ಮೈಸೂರಿನ ಜಾವಗಲ್ ಶ್ರೀನಾಥ್ ಇಬ್ಬರೂ ಇಂಜಿನಿಯರಿಂಗ್ ಓದಿದವರು.

ಹಾಗಾದರೆ ಅಳತೆಯೇ ಬೇಡವೇ? ಬೇಕು. ವೇಗದ ಲೆಕ್ಕವನ್ನು ವಿಜ್ಞಾನದ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಎರಡು ಕಡೆಯ ಕ್ರೀಸ್‌ಗಳ ನಡುವಿನ ದೂರ 17.68 ಮೀಟರ್. ಗಾಳಿಯ ತಡೆ, ಪುಟಿತದ ನಷ್ಟ ಬಿಟ್ಟು ಲೆಕ್ಕ ಹಾಕಿದರೆ, 128 ಕಿ.ಮೀ. ವೇಗದ ಚೆಂಡು ಅದನ್ನು ದಾಟಲು ಸುಮಾರು 0.50 ಸೆಕೆಂಡು ಬೇಕು, 138 ಕಿ.ಮೀ. ವೇಗದ್ದಕ್ಕೆ 0.46. ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದ ವ್ಯತ್ಯಾಸ ಬ್ಯಾಟು ಹಿಡಿದವನಿಗೆ ಸಣ್ಣದಲ್ಲ. ಆದರೆ ಚೆಂಡು ಎಲ್ಲಿ ಬೀಳಬೇಕೆಂಬುದನ್ನು ವೇಗದ ಯಂತ್ರ ಹೇಳುವುದಿಲ್ಲ. ನಾಲ್ಕನೆಯ ಸ್ಪೆಲ್ಲಿನಲ್ಲಿ, ಸಂಜೆ ನಾಲ್ಕು ಗಂಟೆಗೆ, ವೇಗ ಎಷ್ಟು ಉಳಿದಿರುತ್ತದೆ ಎಂದೂ ಹೇಳುವುದಿಲ್ಲ.

ನಿರ್ದೇಶಕರು ಮೇಜಿನ ಖಾನೆಯಿಂದ ಒಂದು ನೋಟುಪುಸ್ತಕ ತೆಗೆದರು. ಶಹಾಬಾದಿನ ಆರು ವಿಕೆಟ್ಟಿನ ಎದುರು 'ಮ್ಯಾಟಿಂಗ್' ಎಂದು ಬರೆದಿತ್ತು. ನಾರಿನ ಚಾಪೆ ಹಾಸಿದ ಪಿಚ್ಚಿನಲ್ಲಿ ಚೆಂಡು ತಾನಾಗಿಯೇ ಎದ್ದು ಬರುತ್ತದೆ. ಅಲ್ಲಿಯ ಆರು ವಿಕೆಟ್ಟು ಟರ್ಫ್ ಪಿಚ್ಚಿನಲ್ಲಿ ಎರಡೋ ಮೂರೋ ಆಗಬಹುದು. ಆ ಆರರಲ್ಲಿ ನಾಲ್ಕು ಬಾಲದ ಬ್ಯಾಟುಗಾರರವು ಎಂದೂ ಬರೆದಿತ್ತು. ಅವರ ಬೆರಳು ನಿಂತದ್ದು ಇನ್ನೊಂದು ಹಾಳೆಯ ಮೇಲೆ, ಚಿಂಚೋಳಿಯ ಪಂದ್ಯದ ಮೇಲೆ. ಅಲ್ಲಿ ಹುಡುಗನಿಗೆ ಒಂದು ವಿಕೆಟ್ಟೂ ಬಿದ್ದಿರಲಿಲ್ಲ.

"ಇದರಾಗೇನು ನೋಡೋದದ, ಸರ್? ಅವತ್ತು ಬಡಿಸಿಕೊಂಡಾನ," ಎಂದರು ಅಪ್ಪ ಮುಖ ಸಣ್ಣದು ಮಾಡಿ.

"ಇದೇ ನೋಡೋದು. ಒಂದೇ ಓವರಿನ್ಯಾಗ ಮೂರು ಫೋರ್ ಹೋದ್ವು. ಮುಂದಿನ ಓವರಿನ್ಯಾಗ ಹುಡುಗ ಸಿಟ್ಟಿಗೆದ್ದು ಜೋರು ಹಾಕಲಿಲ್ಲ. ಓಟ ಎರಡು ಹೆಜ್ಜಿ ಕಡಿಮಿ ಮಾಡಿದ, ಚೆಂಡು ಸ್ವಲ್ಪ ಹಿಂದ ಬೀಳಿಸಿದ. ನಾನು ಹೇಳಿಕೊಟ್ಟಿರಲಿಲ್ಲ. ಆ ಓವರ್ ಎರಡೇ ರನ್ನು."

ನಿರ್ದೇಶಕರು ನೋಡುತ್ತಿದ್ದುದು ಮೂರೇ ಸಂಗತಿ. ಎದುರಾಳಿ ಎಂಥವರು, ಪಿಚ್ಚು ಎಂಥದು ಎಂಬುದು ಮೊದಲನೆಯದು. ಅದಿಲ್ಲದೆ ವಿಕೆಟ್ಟಿನ ಸಂಖ್ಯೆಗೆ ಬೆಲೆಯಿಲ್ಲ. ಏಟು ಬಿದ್ದ ಮೇಲೆ ಏನು ಮಾಡುತ್ತಾನೆ ಎಂಬುದು ಎರಡನೆಯದು. ಹೋದ ವರ್ಷಕ್ಕೂ ಈ ವರ್ಷಕ್ಕೂ ಎಷ್ಟು ಬದಲಾಗಿದ್ದಾನೆ ಎಂಬುದು ಮೂರನೆಯದು. ಹದಿನೈದಕ್ಕೇ ಮೀಸೆ ಬಂದು ಎತ್ತರ ಬೆಳೆದ ಹುಡುಗ ಓರಗೆಯವರನ್ನು ಸುಲಭವಾಗಿ ಸೋಲಿಸುತ್ತಾನೆ. ಉಳಿದವರು ಬೆಳೆದು ಸಮಕ್ಕೆ ಬಂದಾಗ ಆ ಲಾಭ ಕರಗುತ್ತದೆ. ಹೀಗೆ ಮಂಕಾದ ಮಕ್ಕಳನ್ನು ಪ್ರತಿ ಶಾಲೆಯೂ ಕಂಡಿದೆ.

ಅಪ್ಪನ ಮುಖದಲ್ಲಿ ಗೊಂದಲ ಹಾಗೆಯೇ ಇತ್ತು. ಆಗ ನಿರ್ದೇಶಕರು ಕೇಳಿದರು: "ನಿಮ್ಮ ಲ್ಯಾಬಿನ್ಯಾಗ ಸಿಮೆಂಟಿನ ಕ್ಯೂಬ್ ಎಷ್ಟು ದಿನಕ್ಕ ಒಡೀತೀರಿ?"

ಈ ಪ್ರಶ್ನೆಗೆ ಅವರು ನಿದ್ದೆಯಲ್ಲಿಯೂ ಉತ್ತರ ಹೇಳಬಲ್ಲರು. ಸಿಮೆಂಟು, ಮರಳು, ನೀರು ಕಲಸಿ 70.6 ಮಿಲಿಮೀಟರ್ ಅಂಚಿನ ಘನಗಳನ್ನು ಮಾಡಿ, ನೀರಿನಲ್ಲಿಟ್ಟು, ಮೂರು, ಏಳು, ಇಪ್ಪತ್ತೆಂಟನೆಯ ದಿನಗಳಲ್ಲಿ ಯಂತ್ರಕ್ಕೆ ಕೊಟ್ಟು ಒಡೆಯುವುದೇ ಅವರ ಕೆಲಸ. 43 ದರ್ಜೆಯ ಸಿಮೆಂಟಾದರೆ ಪ್ರತಿ ಚದರ ಮಿಲಿಮೀಟರಿಗೆ ಮೂರನೆಯ ದಿನ 23, ಏಳನೆಯ ದಿನ 33, ಇಪ್ಪತ್ತೆಂಟನೆಯ ದಿನ 43 ನ್ಯೂಟನ್ ಬಲವನ್ನಾದರೂ ತಾಳಬೇಕು. ಚೀಲದ ಮೇಲಿನ ದರ್ಜೆ ಇಪ್ಪತ್ತೆಂಟನೆಯ ದಿನದ್ದು.

"ಮೂರನೇ ದಿನಕ್ಕೇ ಒಡೆದು, ಇದು ಇಷ್ಟೇ ಅಂತ ಚೀಲದ ಮ್ಯಾಲ ಬರೀತೀರೇನು?"

"ಹ್ಯಾಂಗ ಬರ್ಯಾಕ ಬರ್ತದ್ರಿ, ಸರ್? ಬಲ ಬರಲಿಕ್ಕೆ ದಿನ ಬೇಕು. ನೀರಿನ್ಯಾಗ ಇಡದಿದ್ರ ಇಪ್ಪತ್ತೆಂಟು ದಿನ ಆದ್ರೂ ಬರಂಗಿಲ್ಲ," ಎಂದವರೇ ಅಪ್ಪ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಮೂರನೇ ದಿನದ ಲೆಕ್ಕನೂ ಬೇಕೇ ಬೇಕ್ರಿ. ಅದು ತೀರ ಕಡಿಮಿ ಬಂದ್ರ ಅಲ್ಲೇ ಗೊತ್ತಾಗ್ತದ," ಎಂದರು. ನಿರ್ದೇಶಕರು ಒಪ್ಪಿದರು. ಬೆಂಗಳೂರಿನ 128 ಅಂಥ ಮೂರನೆಯ ದಿನದ ಲೆಕ್ಕ. ಕೆಟ್ಟದ್ದಲ್ಲ, ಅದೇ ಕೊನೆಯದೂ ಅಲ್ಲ.

ಇನ್ನೊಂದು ಕಹಿ ಲೆಕ್ಕವನ್ನೂ ನಿರ್ದೇಶಕರು ಮುಚ್ಚಿಡಲಿಲ್ಲ. ಕರ್ನಾಟಕದಲ್ಲಿ 31 ಜಿಲ್ಲೆಗಳು, ರಣಜಿ ತಂಡ ಒಂದು. ಆಡುವವರು 11 ಮಂದಿ. ಅದರಲ್ಲಿ ವೇಗದ ಬೌಲರುಗಳಿಗೆ ಇರುವ ಜಾಗ ಮೂರೋ ನಾಲ್ಕೋ. ಕಲಬುರಗಿ ಜಿಲ್ಲೆಯ ಹುಡುಗ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದಲ್ಲಿ ಆಡಿ, ರಾಜ್ಯದ ವಯೋಮಿತಿಯ ತಂಡಗಳನ್ನು ದಾಟಿ ಅಲ್ಲಿಗೆ ತಲುಪಬೇಕು. ಇನ್ನೊಂದು ದಾರಿ ಗುಲಬರ್ಗಾ ವಿಶ್ವವಿದ್ಯಾಲಯದ ತಂಡದ್ದು. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಟ್ರೋಫಿ 1935ರಿಂದ ಇದೆ. ಆ ದಾರಿಯಲ್ಲಿ ನಡೆಯಲು ಕಾಲೇಜಿನಲ್ಲಿ ಹೆಸರಿರಬೇಕು. ಓದು ಬಿಟ್ಟ ದಿನ ಆ ಬಾಗಿಲು ತಾನಾಗಿ ಮುಚ್ಚುತ್ತದೆ. ಆಟದಲ್ಲಿ ಮೇಲೆ ಬಂದವರ ಕಥೆ ಪತ್ರಿಕೆಯಲ್ಲಿ ಬರುತ್ತದೆ. ಬಾರದವರು ಏನಾದರು ಎಂದು ಯಾರೂ ಬರೆಯುವುದಿಲ್ಲ.

ಮೈಯ ಮಾತೂ ಇದೆ. ವೇಗದ ಬೌಲರ್ ಮುಂಗಾಲು ಊರಿದಾಗ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಎಳೆಯ ವಯಸ್ಸಿನಲ್ಲಿ ಸೊಂಟದ ಬೆನ್ನೆಲುಬು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಯಾರನ್ನೋ ಮೆಚ್ಚಿಸಲು ದಿನವಿಡೀ ಜೋರು ಹಾಕಿದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಎಷ್ಟೋ ಬೌಲರುಗಳಿಗೆ ಹೀಗಾಗಿದೆ. ಆದ್ದರಿಂದ ವಾರಕ್ಕೆ ಎಷ್ಟು ಚೆಂಡು ಎಸೆದ ಎಂಬ ಲೆಕ್ಕ ಎಷ್ಟು ವಿಕೆಟ್ ಪಡೆದ ಎಂಬುದಕ್ಕಿಂತ ಮುಖ್ಯ. ಬೆನ್ನು ನೋವನ್ನು ಹುಡುಗರು ಮುಚ್ಚಿಡುತ್ತಾರೆ, ತಂಡದಿಂದ ಬಿಟ್ಟಾರೆಂಬ ಭಯದಿಂದ. ಪಾಲಕರು ಕೇಳಿ ತಿಳಿಯಬೇಕು.

ಅರ್ಜಿ ಕಪಾಟಿನಲ್ಲಿಯೇ ಉಳಿಯಿತು. ಮೂವರೂ ಕುಳಿತು ಒಂದು ಕರಾರು ಮಾಡಿಕೊಂಡರು. ಪದವಿ ಮುಗಿಯುವ ತನಕ ಓದು ಬಿಡುವುದಿಲ್ಲ. ಅಷ್ಟರಲ್ಲಿ ಟರ್ಫ್ ಪಿಚ್ಚಿನ ಪಂದ್ಯಗಳು ಸಿಕ್ಕಷ್ಟೂ ಆಡುವುದು. ಆರು ತಿಂಗಳಿಗೊಮ್ಮೆ ನೋಟುಪುಸ್ತಕ ತೆರೆದು, ಹುಡುಗನೂ ಸೇರಿ, ಏನು ಬದಲಾಗಿದೆ ಎಂದು ನೋಡುವುದು. ಪದವಿಯ ನಂತರವೂ ಏರಿಕೆ ಕಂಡರೆ ಎರಡು ವರ್ಷ ಪೂರ್ತಿ ಆಟಕ್ಕೆ. ಕಾಣದಿದ್ದರೆ ಬಿ.ಎಡ್.ಗೋ ಕೆಲಸಕ್ಕೋ, ಮನೆಯಲ್ಲಿ ಯಾರೂ ಅವನನ್ನು 'ಸೋತವನು' ಎನ್ನಬಾರದು. ಈ ಕೊನೆಯ ಷರತ್ತು ಹಾಕಿದವರು ತಾಯಿ.

ಆ ವರ್ಷದ ವಲಯದ ಆಯ್ಕೆ ಪಟ್ಟಿಯಲ್ಲಿ ಹುಡುಗನ ಹೆಸರು ಇರಲಿಲ್ಲ. ಎರಡು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಬೆಳಗಿನ ರೈಲಿಗೆ ಎರಡೂ ಚೀಲ ಹೆಗಲಿಗೇರಿಸಿ ಹೊರಟ. ಮೊದಲೆಲ್ಲ ಸಂಜೆ ಮನೆಗೆ ಬಂದೊಡನೆ ಅಪ್ಪ ಕೇಳುತ್ತಿದ್ದುದು "ಎಷ್ಟು ವಿಕೆಟ್ ಬಿತ್ತು?" ಎಂದು. ಅಂದು ನೀರಿನ ಚೊಂಬು ಕೈಗೆ ಕೊಟ್ಟು, "ಬೆನ್ನು ಹ್ಯಾಂಗದ? ಎಷ್ಟು ಓವರ್ ಹಾಕಿದಿ?" ಎಂದರು.