ಕರಿ ಒಂದರ ಕಾರು

ಸೆಲ್ಸಿಯಸ್ಸಿಗೂ ಫ್ಯಾರನ್‌ಹೀಟಿಗೂ ಇರುವ ಜಗಳ ಮುಗಿಯುವುದು ಒಂದೇ ಕಡೆ, ಮೈನಸ್ 40ರಲ್ಲಿ. ಅಲ್ಲಿ ಎರಡೂ ಒಂದೇ ಅಂಕಿ ಹೇಳುತ್ತವೆ. ಅಮೆರಿಕದ ಮಿನ್ನೆಸೋಟಾ ರಾಜ್ಯದವರು ಈ ರಾಜಿಯನ್ನು ಕಣ್ಣಾರೆ ಕಂಡವರು. ಅಲ್ಲಿಯ ಟವರ್ ಎಂಬ ಊರಿನ ಹತ್ತಿರ 1996ರ ಫೆಬ್ರವರಿ 2ರಂದು ಉಷ್ಣತೆ ಮೈನಸ್ 60 ಫ್ಯಾರನ್‌ಹೀಟಿಗೆ, ಅಂದರೆ ಸುಮಾರು ಮೈನಸ್ 51 ಸೆಲ್ಸಿಯಸ್ಸಿಗೆ ಇಳಿದಿತ್ತು. ಪಾದರಸ ಇಳಿದಿತ್ತು ಎಂದು ಬರೆಯುವಂತಿಲ್ಲ. ಅದು ಮೈನಸ್ 39ರ ಹತ್ತಿರವೇ ಹೆಪ್ಪುಗಟ್ಟಿ ಕೆಲಸ ನಿಲ್ಲಿಸಿಬಿಡುತ್ತದೆ.

ನಾವಿದ್ದ ಮಿನಿಯಾಪೊಲಿಸ್ ಕಡೆ ಅಷ್ಟೊಂದಿಲ್ಲ. ಜನವರಿಯ ಬೆಳಿಗ್ಗೆ ಮೈನಸ್ 20 ಸೆಲ್ಸಿಯಸ್ ಎಂದರೆ ಅದನ್ನು ಯಾರೂ ಸುದ್ದಿಯೆಂದು ಎಣಿಸುವುದಿಲ್ಲ. ಆದರೆ ಅಂಥ ಚಳಿಯಲ್ಲಿ ಎಲ್ಲಕ್ಕೂ ಬಾಯಿ ಬರುತ್ತದೆ. ಕಾಲಡಿಯ ಹಿಮ ಕಿರುಗುಡುತ್ತದೆ, ಬಾಗಿಲಿನ ರಬ್ಬರು ಚಟಚಟ ಎಂದು ಬಿಟ್ಟುಕೊಳ್ಳುತ್ತದೆ. ನನ್ನ ಸೆಕೆಂಡ್‌ಹ್ಯಾಂಡ್ ಕಾರು ಇಷ್ಟು ಸಾಲದೆಂದು ಸ್ಟಿಯರಿಂಗಿನಿಂದಲೂ ನರಳುತ್ತಿತ್ತು. ಕೀ ತಿರುಗಿಸಿದ ಕೂಡಲೇ ಬಾನೆಟ್ಟಿನ ಕೆಳಗಿನಿಂದ ‘ಊಂ...’ ಎಂದು ಒಂದು ಸದ್ದು ಏಳುವುದು. ಸ್ಟಿಯರಿಂಗ್ ತಿರುಗಿಸಿದರೆ ಜೋರಾಗುವುದು, ಬಿಟ್ಟರೆ ಮತ್ತೆ ತನ್ನ ಪಾಡಿಗೆ ‘ಊಂ’. ಪಾರ್ಕಿಂಗ್ ಜಾಗದಿಂದ ಹೊರಬರುವಾಗ ನೆರೆಯವರು ಪರದೆ ಸರಿಸಿ ನೋಡುತ್ತಿದ್ದರು. ಯಾವ ಕಂಪನಿಯ ಕಾರು ಎಂದು ಕೇಳಬೇಡಿ. ಅಷ್ಟು ಚಳಿಗಾಲ ಕಂಡ ಯಾವ ಕಾರಾದರೂ ಹೀಗೇ ಮಾಡೀತು.

ವರ್ಕ್‌ಶಾಪಿಗೆ ಒಯ್ದರೆ ಅಲ್ಲಿ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸದ್ದು ಮಾಯ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, ಆಮೇಲೆ ನನ್ನ ಮುಖ ನೋಡಿದ. ಕಾರಿನ ಪರವಾಗಿ ನಾನೇ ಬಾಯಿಂದ ‘ಊಂ’ ಎಂದು ಮಾಡಿ ತೋರಿಸಿದೆ. ಆತ ಸಭ್ಯ ಮನುಷ್ಯ, ನಗಲಿಲ್ಲ. ರಾತ್ರಿ ಇಲ್ಲೇ ಬಿಟ್ಟುಹೋಗು, ಬೆಳಿಗ್ಗೆ ತಣ್ಣಗಿರುವಾಗ ನೋಡುತ್ತೇನೆ ಎಂದ. ಬಿಟ್ಟುಬಂದೆ. ಹೀಟರ್ ಉರಿಯುವ ಷೆಡ್ಡಿನೊಳಗೆ ರಾತ್ರಿಯಿಡೀ ಬೆಚ್ಚಗಿದ್ದ ಕಾರು ಬೆಳಿಗ್ಗೆ ಯಾಕೆ ನರಳೀತು? ಕಂಪ್ಯೂಟರ್ ಚುಚ್ಚಿದರು, ಎಣ್ಣೆಯಿಂದ ನಡೆಯುವ ಹಳೆಯ ಸ್ಟಿಯರಿಂಗಿನ ನೋವು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಕಡೆಗೆ, ಯಾವುದಕ್ಕೂ ಇರಲಿ, ಪಂಪನ್ನೇ ಬದಲಿಸಿಬಿಡೋಣ ಎಂದು ಎಸ್ಟಿಮೇಟ್ ಕೈಗಿಟ್ಟರು. ನನ್ನ ಕಾರಿಗೆ ಆಗ ಮಾರುಕಟ್ಟೆಯಲ್ಲಿದ್ದ ಬೆಲೆಗೂ ಆ ಮೊತ್ತಕ್ಕೂ ಬಹಳ ದೂರವೇನೂ ಇರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬಂದೆ.

ಪವರ್ ಸ್ಟಿಯರಿಂಗ್ ಇಲ್ಲದ ಕಾಲವನ್ನು ನನ್ನ ವಯಸ್ಸಿನವರು ಮರೆತಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಡ್ರೈವರು ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಚಕ್ರ ಜಗ್ಗುತ್ತಿದ್ದರೆ ಹಿಂದೆ ಕೂತ ನಮ್ಮ ತೋಳೂ ನೋಯುತ್ತಿತ್ತು. ಆ ತೋಳಿನ ಕೆಲಸವನ್ನು ಎಣ್ಣೆಗೆ ವಹಿಸಿದವನು ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್. ಪಿಯರ್ಸ್-ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿದ್ದವನು ಕೆಲಸ ಬಿಟ್ಟು, ಮ್ಯಾಸಚೂಸೆಟ್ಸಿನ ವಾಲ್ಥಮ್‌ನಲ್ಲಿ ಕೂತು ಇದನ್ನು ರೂಪಿಸಿ, 1926ರಲ್ಲಿ ಕಾರಿಗೆ ಕೂರಿಸಿ ಓಡಿಸಿ ತೋರಿಸಿದ. ಎಲ್ಲರೂ ತಲೆದೂಗಿದರು, ಯಾರೂ ದುಡ್ಡು ಹಾಕಲು ಗಟ್ಟಿ ಮನಸ್ಸು ಮಾಡಲಿಲ್ಲ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಅಷ್ಟು ಹೊತ್ತಿಗೆ ಅವನ ಮೂಲ ಪೇಟೆಂಟುಗಳ ಅವಧಿಯೇ ಮುಗಿದಿತ್ತು.

ಅದರ ಗುಟ್ಟೆಲ್ಲ ಪಂಪಿನಲ್ಲಿದೆ. ಎಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತದೆ. ಒಳಗೆ ಒಂದು ಉಕ್ಕಿನ ಗಾಲಿ, ಅದರ ಸೀಳುಗಳಲ್ಲಿ ಹಿಂದೆಮುಂದೆ ಜಾರುವ ಹತ್ತು ತೆಳು ರೆಕ್ಕೆಗಳು. ಒಂದು ಕಡೆಯಿಂದ ಎಣ್ಣೆ ಹೀರುತ್ತವೆ, ಇನ್ನೊಂದು ಕಡೆಗೆ ತಳ್ಳುತ್ತವೆ. ಸ್ಟಿಯರಿಂಗನ್ನು ತುದಿಯವರೆಗೆ ತಿರುಗಿಸಿ ಹಿಡಿದರೆ ತಳ್ಳುವ ಕಡೆಯ ಒತ್ತಡ ಚದರ ಇಂಚಿಗೆ ಸಾವಿರ ಪೌಂಡು ಮೀರುತ್ತದೆ. ಹೀರುವ ಕಡೆ ಮಾತ್ರ ಬಡಪಾಯಿ; ಹೊರಗಿನ ಗಾಳಿಗಿಂತಲೂ ಕಡಿಮೆ ಒತ್ತಡ. ಈ ಬಡಪಾಯಿ ಕಡೆಯನ್ನು ನೆನಪಿಟ್ಟುಕೊಳ್ಳಿ.

ಆ ಚಳಿಗಾಲಕ್ಕೆ ಧಾರವಾಡದಿಂದ ಮಾವ ಬಂದರು. ಹೈಸ್ಕೂಲ್ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಸಂಜೆಯ ಹೊತ್ತು ಹಾಡುವವರಿಗೆ ಹಾರ್ಮೋನಿಯಂ, ಅವರ ಬಾಯಲ್ಲಿ ಪೇಟಿ, ಸಾಥ್ ಕೊಡುತ್ತಿದ್ದವರು. ಬೇಸಿಗೆಯಲ್ಲಿ ಬನ್ನಿ ಎಂದರೆ ‘ಹಿಮಾ ನೋಡಬೇಕ್ರೀ’ ಎಂದು ಹಟ ಹಿಡಿದು ಜನವರಿಯಲ್ಲೇ ಬಂದಿಳಿದರು. ಬಂದ ದಿನ ಕಿಟಕಿಯಿಂದ ನೋಡಿ ‘ಛಲೋ ಅದ’ ಎಂದರು. ಮರುದಿನ ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟು ಒಳಗೆ ಬಂದು, ‘ಇದು ಥಂಡಿ ಅಲ್ರೀ ಅಳಿಯಂದಿರ, ಶಿಕ್ಷಾ’ ಎಂದರು.

ಆದರೂ ಬೆಳಗಿನ ವಾಕಿಂಗ್ ತಪ್ಪುವಂತಿಲ್ಲ. ಬ್ಲೂಮಿಂಗ್ಟನ್ನಿನ ಮಾಲ್ ಆಫ್ ಅಮೆರಿಕಾದೊಳಗೆ ಅಂಗಡಿಗಳು ತೆರೆಯುವ ಮೊದಲೇ ಹಿರಿಯರು ಸ್ವೆಟರ್ ಹಾಕಿಕೊಂಡು ಸುತ್ತು ಹೊಡೆಯುವುದುಂಟು. ಆಫೀಸಿಗೆ ಹೋಗುವ ದಾರಿಯಲ್ಲಿ ಮಾವನನ್ನು ಅಲ್ಲಿ ಇಳಿಸುವುದು ನನ್ನ ಪಾಲಿನ ಕೆಲಸವಾಯಿತು.

ಅವರು ಕೂತ ಮೊದಲ ಬೆಳಿಗ್ಗೆ ಕಾರು ಎಂದಿನಂತೆ ‘ಊಂ’ ಎಂದಿತು. ಸಂಕೋಚವಾಯಿತು. “ಸ್ವಲ್ಪ ಸದ್ದು ಮಾಡುತ್ತೆ ಮಾವ, ಬಿಸಿಯಾದರೆ ಸರಿಹೋಗುತ್ತೆ” ಎಂದೆ. ಅವರು ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿ, ಮಂಕಿ ಕ್ಯಾಪು ಮೇಲಕ್ಕೆ ಸರಿಸಿ, ಕಣ್ಣು ಮುಚ್ಚಿದರು.

“ಬಿಳಿ ಆರಕ್ಕ ಸುರು ಆತು... ಇಳೀಲಿಕ್ಕೆ ಹತ್ತೇದ... ಹಾಂ, ಕರಿ ಒಂದಕ್ಕ ಬಂದು ನಿಂತ್ತು ನೋಡ್ರಿ!”

ಪೇಟಿಯ ಮನೆಗಳ ಲೆಕ್ಕ ಅದು. ಕರಿ ಒಂದು ಎಂದರೆ ಹಿಂದೂಸ್ತಾನಿ ಹಾಡುವ ಗಂಡಸರಲ್ಲಿ ಬಹಳ ಮಂದಿ ಷಡ್ಜ ಹಿಡಿಯುವ ಶ್ರುತಿ. ಆಮೇಲೆ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ ದಂಗಾದೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಎಂಜಿನ್ ನಿಮಿಷಕ್ಕೆ 1200 ಸುತ್ತಿನ ಸುಮಾರಿಗೆ ಓಡಿ, ಕ್ರಮೇಣ 750ಕ್ಕೆ ಇಳಿಯುತ್ತದೆ. ಪಂಪಿನ ಪುಲ್ಲಿ ಚಿಕ್ಕದು, ಆದ್ದರಿಂದ ಎಂಜಿನ್ 750 ಸುತ್ತುವಾಗ ಪಂಪು 830ರ ಆಸುಪಾಸು. ಒಂದು ಸುತ್ತಿಗೆ ಹತ್ತು ರೆಕ್ಕೆ. ಭಾಗಿಸಿದರೆ ಸೆಕೆಂಡಿಗೆ 138 ಬಡಿತ. ಕರಿ ಒಂದರ ಕಂಪನವೂ 138ರ ಮೇಲೆ ಒಂದಿಷ್ಟು. ಎಂಜಿನ್ ವೇಗವನ್ನೂ, ವರ್ಕ್‌ಶಾಪಿನ ಕಂಪ್ಯೂಟರಿಗೆ ದಕ್ಕದ ಪಂಪಿನ ರೆಕ್ಕೆಗಳನ್ನೂ ಮಾವ ಮಂಕಿ ಕ್ಯಾಪು ಸರಿಸಿ ಎಣಿಸಿದ್ದರು.

ಅಲ್ಲಿಂದ ಮುಂದೆ ಆ ದಾರಿಯ ಸ್ವರೂಪವೇ ಬದಲಾಯಿತು. ಕಾರು ಓಡುವಾಗ ಸ್ವರ ಏರಿಳಿಯುತ್ತದೆ, ಹಾಡಲಾಗದು. ಕೆಂಪು ದೀಪ ಬಿದ್ದು ನಿಂತರೆ ಮಾತ್ರ ಅದು ಕರಿ ಒಂದಕ್ಕೆ ಬಂದು ಸ್ಥಿರವಾಗುತ್ತದೆ. ಹೀಗಾಗಿ ಮಾವನ ಆಲಾಪವೆಲ್ಲ ಸಿಗ್ನಲ್ಲುಗಳಲ್ಲೇ. ತೋಡಿಯ ಗಾಂಧಾರದ ಮೇಲೆ ಹಿತವಾಗಿ ಕೂತಿರುವಾಗ ಹಸಿರು ದೀಪ ಬಂದರೆ ಅವರಿಗೆ ಸಿಟ್ಟು. “ಏನ್ ಗಡಿಬಿಡಿ ಮಂದೀರಿ ಇದು!” ನಾನೂ ದೂರದಿಂದ ಹಳದಿ ಕಂಡರೆ ವೇಗ ತಗ್ಗಿಸಿ ಕೆಂಪನ್ನು ಕಾಯುವುದನ್ನು ಕಲಿತೆ. ಹಿಂದಿನವರು ಹಾರ್ನ್ ಹೊಡೆಯುತ್ತಿರಲಿಲ್ಲ. ಮಿನ್ನೆಸೋಟಾದವರು ಸಿಟ್ಟು ಬಂದರೂ ಹಾರ್ನ್ ಹೊಡೆಯಲು ನಾಚುವ ಜನ. ಬೆಂಗಳೂರಿನಲ್ಲಿ ಈ ಕಚೇರಿ ನಡೆಯುತ್ತಿರಲಿಲ್ಲ.

ರೋಗ ಹೇಳಿದವರೂ ಅವರೇ. ಒಂದು ಸಿಗ್ನಲ್ಲಿನಲ್ಲಿ ಹಾಡು ನಿಲ್ಲಿಸಿ, “ಬರೇ ಸ್ವರ ಇದ್ದಿದ್ರ ಛಲೋ ಇತ್ರೀ. ಇದರಾಗ ಒಂದು ಗೊರಗೊರ ಅದ. ಪೇಟೀ ತಿದಿ ಹರದ್ರ ಹಿಂಗ ಆಗ್ತದ. ಎಲ್ಲೋ ಗಾಳಿ ತಪ್ಪೇದ” ಎಂದರು.

“ಮಾವ, ಇದರೊಳಗೆ ಓಡಾಡೋದು ಎಣ್ಣೆ. ಗಾಳಿ ಇರೋ ಹಾಗಿಲ್ಲ.”

“ಅದನ್ನ ನನಗ್ಯಾಕ ಹೇಳ್ತೀರಿ, ಅದಕ್ಕ ಹೇಳ್ರಿ.”

ಶನಿವಾರ ಬಾನೆಟ್ ತೆರೆದು ನಿಂತೆವು. ಬೆಲ್ಟಿನ ಸದ್ದೋ ಪಂಪಿನದೋ ತಿಳಿಯಲು ಓಡುವ ಬೆಲ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಬೇಕು, ಸದ್ದು ಬದಲಾದರೆ ಬೆಲ್ಟಿನದು ಎಂಬುದು ಹಳೆಯ ಉಪಾಯ. ಆ ಉಪಾಯ ಹುಟ್ಟಿದ್ದು ಬೆಚ್ಚಗಿನ ಊರಿನಲ್ಲಿ. ನಮ್ಮ ಬಾಟಲಿಯ ಬಾಯಲ್ಲಿ ನೀರು ಆಗಲೇ ಮಂಜುಗಡ್ಡೆಯಾಗಿತ್ತು. ಇನ್ನೊಂದು ಉಪಾಯ ಉದ್ದನೆಯ ಸ್ಕ್ರೂಡ್ರೈವರ್: ತುದಿಯನ್ನು ಪಂಪಿನ ಮೈಗೆ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಒಳಗಿನದೆಲ್ಲ ಕೇಳಿಸುತ್ತದೆ. ಮಾವ ಮಫ್ಲರನ್ನು ಬೆಲ್ಟಿಗೆ ಸಿಕ್ಕದಂತೆ ಕೋಟಿನೊಳಗೆ ತುರುಕಿ, ಕ್ಯಾಪು ತೆಗೆದು ಬಗ್ಗಿದರು. ಬಾಗಿಲಿನಿಂದ ನನ್ನ ಹೆಂಡತಿ, “ಅಪ್ಪಾ, ಮದಲ ಟೊಪಗಿ ಹಾಕ್ಕೋರಿ!” ಎಂದು ಕೂಗಿದಳು. ಬೈಗುಳ ನನಗೆ ಪ್ರತ್ಯೇಕವಾಗಿ ಆಮೇಲೆ ಸಿಕ್ಕಿತು. ಆದರೆ ಮಾವನ ತೀರ್ಪು ಅಚಲ: ಬೆಲ್ಟಿನದಲ್ಲ, ಬೇರಿಂಗಿನದೂ ಅಲ್ಲ, ಗೊರಗೊರ ಪಂಪಿನ ಹೊಟ್ಟೆಯದು.

ಎಣ್ಣೆ ಡಬ್ಬಿಯ ಮುಚ್ಚಳ ತೆಗೆದರೆ ಕೆಂಪಗಿರಬೇಕಾದ ಎಣ್ಣೆ ಕಂದುಬಣ್ಣಕ್ಕೆ ತಿರುಗಿ ಮೇಲೆಲ್ಲ ನೊರೆ. ಗಾಳಿಯೇ. ಎಲ್ಲೂ ಒಂದು ತೊಟ್ಟು ಎಣ್ಣೆ ಸೋರದೆ ಗಾಳಿ ಹೇಗೆ ಹೊಕ್ಕಿತು ಎಂಬುದಕ್ಕೆ ಆ ಬಡಪಾಯಿ ಕಡೆಯೇ ಉತ್ತರ. ಹೀರುವ ಕೊಳವೆ ಪಂಪಿಗೆ ಸೇರುವಲ್ಲಿ ಒಂದು ರಬ್ಬರ್ ಬಳೆ, ಓ-ರಿಂಗ್, ಇರುತ್ತದೆ. ವಯಸ್ಸಾದ ರಬ್ಬರು ಚಪ್ಪಟೆಯಾಗಿ ಗಡುಸಾಗುತ್ತದೆ, ಚಳಿಗೆ ಇನ್ನಷ್ಟು ಕುಗ್ಗುತ್ತದೆ. ಅದೇ ಹೊತ್ತಿಗೆ ಎಣ್ಣೆಯೂ ಗಟ್ಟಿಯಾಗಿರುವುದರಿಂದ ಪಂಪು ಹೆಚ್ಚು ಬಲದಿಂದ ಹೀರುತ್ತದೆ. ಒಳಗೆ ಒತ್ತಡ ಕಡಿಮೆ, ಆದ್ದರಿಂದ ಎಣ್ಣೆ ಹೊರಗೆ ಬಾರದೆ ಗಾಳಿಯೇ ಒಳಗೆ ಹೋಗುತ್ತದೆ. ಎಲ್ಲ ಬಿಸಿಯಾದರೆ ರಬ್ಬರು ಹಿಗ್ಗಿ ಸಂದು ಮುಚ್ಚುತ್ತದೆ. ವರ್ಕ್‌ಶಾಪಿನವರ ಮುಂದೆ ಕಾರು ಸಾಧುವಾದದ್ದು ಹಾಗೆ.

ಒಳಹೋದ ಗುಳ್ಳೆಗಳು ಒತ್ತಡದ ಕಡೆ ತಲುಪಿದಾಗ ಪಟಪಟ ಕುಸಿಯುತ್ತವೆ. ಗೊರಗೊರ ಅಲ್ಲಿಂದ. ದ್ರವದೊಳಗಿನ ಗುಳ್ಳೆ ಕುಸಿಯುವಾಗ ಎಷ್ಟು ಒತ್ತಡ ಹುಟ್ಟುತ್ತದೆಂದು 1917ರಲ್ಲೇ ಲಾರ್ಡ್ ರೇಲಿ ಲೆಕ್ಕ ಹಾಕಿದ್ದ. ಅದೇ ರೇಲಿ ನಾದಶಾಸ್ತ್ರದ ದೊಡ್ಡ ಗ್ರಂಥ ಬರೆದವನು, ತಂಬೂರಿ ವೀಣೆಗಳ ನಾದವನ್ನು ಶೋಧಿಸಿದ ನಮ್ಮ ಸಿ. ವಿ. ರಾಮನ್ನರಿಗೆ ಅವನಲ್ಲಿ ಬಹಳ ಗೌರವ. ಮಾವನಿಗೆ ಹೇಳಿದೆ. “ಹಂಗಾದ್ರ ನಮ್ಮವರs ಬಿಡ್ರಿ” ಎಂದರು.

ಖಾತ್ರಿಗೆಂದು ಆ ಕೀಲಿನ ಸುತ್ತ ದಪ್ಪನಾಗಿ ಗ್ರೀಸ್ ಮೆತ್ತಿದೆವು. ಸಂದು ಮುಚ್ಚಿಕೊಂಡು ಗೊರಗೊರ ಅರ್ಧಕ್ಕರ್ಧ ಇಳಿಯಿತು. ಹೊಸ ಓ-ರಿಂಗಿನ ಬೆಲೆ ಅಲ್ಲಿನ ಒಂದು ಕಪ್ ಕಾಫಿಗಿಂತ ಕಡಿಮೆ. ಹಳೆಯದು ಉಗುರಿನಿಂದ ಎತ್ತಿದರೆ ಮುರಿದು ಎರಡಾಯಿತು. ಡಬ್ಬಿಯ ಹಳೇ ಎಣ್ಣೆ ತೆಗೆಯಲು, ಟರ್ಕಿ ಕೋಳಿ ಬೇಯಿಸುವಾಗ ಅದರ ಮೇಲೆ ರಸ ಹಾಯಿಸುವ ದೊಡ್ಡ ಪಿಚಕಾರಿಯೊಂದನ್ನು ತಂದೆ. ನಮ್ಮ ಸಸ್ಯಾಹಾರಿ ಮನೆಯಲ್ಲಿ ಅದಕ್ಕೆ ಬೇರೆ ಅಪಾಯವಿರಲಿಲ್ಲ.

ಉಳಿದದ್ದು ಗಾಳಿ ಹೊರಹಾಕುವ ಕೆಲಸ. ಮುಂದಿನ ಚಕ್ರಗಳನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಎಂಜಿನ್ ಆರಿಸಿ, ಮುಚ್ಚಳ ತೆಗೆದು, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಿರಬೇಕು. ಅವಸರ ಮಾಡಿದರೆ ಮತ್ತೆ ನೊರೆ. ಧಾರವಾಡದಲ್ಲಿ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸದ ಮಾವ ಡ್ರೈವರ್ ಸೀಟಿನಲ್ಲಿ ಕೂತರು. ತುದಿಯಿಂದ ತುದಿಗೆ ವಿಲಂಬಿತ ತೀನ್‌ತಾಲದ ಒಂದು ಆವರ್ತನ. ಸಮ್ ಬಿದ್ದಾಗ ಚಕ್ರ ತುದಿ ಮುಟ್ಟಬೇಕು. ಡಬ್ಬಿಯಲ್ಲಿ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆದವು, ನಾನು ಎಣ್ಣೆ ಹಾಕುತ್ತಾ ಹೋದೆ. ಇಷ್ಟು ಶಾಸ್ತ್ರೋಕ್ತವಾಗಿ ಗಾಳಿ ಬಿಡಿಸಿದ ಕಾರು ಆ ರಾಜ್ಯದಲ್ಲಿ ಇನ್ನೊಂದಿರಲಾರದು.

ಸೋಮವಾರ ಕೀ ತಿರುಗಿಸಿದರೆ ಸದ್ದೇ ಇಲ್ಲ. ನಾನು ಗೆದ್ದವನಂತೆ ಮಾವನ ಕಡೆ ನೋಡಿದೆ. ಅವರು “ಛಲೋ ಆತು” ಎಂದು ಬೆನ್ನು ತಟ್ಟಿದರು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಮಾವ ಗಂಟಲು ಸರಿಮಾಡಿಕೊಂಡರು, ಒಂದು ಕ್ಷಣ ಕಾದರು, ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದರು. “ಫೋನಿನಲ್ಲಿ ತಂಬೂರಿ ಹಾಕಲಾ ಮಾವ?” ಎಂದೆ. “ಬ್ಯಾಡ್ರಿ, ಅದು ಭಾಳ ಶುದ್ಧ ಇರ್ತದ” ಎಂದರು. ಆ ಚಳಿಗಾಲ ಮುಗಿಯುವವರೆಗೂ ಕಾರಿನಲ್ಲಿ ಅವರು ಮತ್ತೆ ಹಾಡಲಿಲ್ಲ.

ಈಗ ನನ್ನ ಹತ್ತಿರ ಇರುವ ಕಾರಿಗೆ ಪಂಪೂ ಇಲ್ಲ, ಎಣ್ಣೆಯೂ ಇಲ್ಲ. 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ ಬಂದ ಎಲೆಕ್ಟ್ರಿಕ್ ಸ್ಟಿಯರಿಂಗ್ ಇವತ್ತು ಹೆಚ್ಚುಕಡಿಮೆ ಎಲ್ಲ ಹೊಸ ಕಾರುಗಳಲ್ಲೂ ಇದೆ. ಹಳೆಯ ಪಂಪು ನೇರ ರಸ್ತೆಯಲ್ಲೂ ಸುಮ್ಮನೆ ತಿರುಗಿ ಪೆಟ್ರೋಲು ತಿನ್ನುತ್ತಿತ್ತು. ಇದರ ಮೋಟರು ತಿರುವು ಬಂದಾಗ ಮಾತ್ರ ಮೈಮುರಿದು ದುಡಿಯುತ್ತದೆ. ಎಲ್ಲ ಲೆಕ್ಕದಲ್ಲೂ ಇದೇ ಮೇಲು, ವಾದಕ್ಕೆ ಬರುವುದಿಲ್ಲ. ಮಾವನಿಗೂ ಈಗ ಕಿವಿಗೆ ಮೆಷಿನ್ ಬಂದಿದೆ. ಫೋನಿನಲ್ಲಿ ಮಗಳ ಆರೋಗ್ಯ ವಿಚಾರಿಸಿದ ಮೇಲೆ “ನಿಮ್ಮ ಪೇಟಿ ಹೆಂಗದರೀ?” ಎನ್ನುತ್ತಾರೆ. ಮಾರಿ ವರ್ಷಗಳಾದವು ಎಂದು ಪ್ರತಿಸಲವೂ ಹೇಳುತ್ತೇನೆ. “ಯಾವ ಶ್ರುತಿಗೆ ಕೊಟ್ರಿ?” ಎಂದು ನಗುತ್ತಾರೆ.

ಚಳಿಯ ಊರಿನಲ್ಲಿ ಹಳೇ ಕಾರು ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ. ಬೆಳಿಗ್ಗೆ ನರಳಿ, ಬಿಸಿಯಾದ ಮೇಲೆ ಸುಮ್ಮನಾಗುವ ಸ್ಟಿಯರಿಂಗಾದರೆ ಪಂಪಿಗೆ ದುಡ್ಡು ಸುರಿಯುವ ಮೊದಲು ಡಬ್ಬಿಯ ಮುಚ್ಚಳ ತೆಗೆದು ನೊರೆ ಇದೆಯೇ ನೋಡಿ. ಇದ್ದರೆ ಹೀರುವ ಕಡೆಯ ಓ-ರಿಂಗ್ ಬದಲಿಸಿ, ಕಾರಿನ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಮನೆಯಲ್ಲಿ ಹಾಡುವ ಹಿರಿಯರು ಯಾರಾದರೂ ಇದ್ದರೆ ಮಾತ್ರ, ರಿಪೇರಿಗೆ ಮೊದಲು ಅವರನ್ನು ಒಂದು ಮಾತು ಕೇಳಿ.