ರಕ್ತ ಕೊಟ್ಟವರು ಯಾರಪ್ಪಾ?

ನಾನು ಮಾಡಿದ ಒಂದು ಪ್ರಾರ್ಥನೆಯ ಬಗ್ಗೆ ಬರೆಯುತ್ತಿದ್ದೇನೆ. ಮನಸಾರೆ ಮಾಡಿದ್ದೆ, ಕಣ್ಣೀರಿಟ್ಟು ಮಾಡಿದ್ದೆ. ಆದರೂ ನನ್ನ ಬದುಕಿನ ದೊಡ್ಡ ತಪ್ಪುಗಳಲ್ಲಿ ಅದೂ ಒಂದು. ಮಾಡಲೇಬೇಕಾಗಿದ್ದ ಕೆಲಸದಿಂದ ತಪ್ಪಿಸಿಕೊಳ್ಳಲು ಆ ಪ್ರಾರ್ಥನೆಯೇ ನನಗೆ ಮರೆಯಾಯಿತು.

ನಾನು ಬೆಟಗೇರಿಯವನು. ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ನೆಲೆಯೂರಿದರು. ಮುಂದೆ 20ನೇ ಶತಮಾನದ ಆರಂಭದಲ್ಲಿ ಅವರದೇ ಆಸ್ಪತ್ರೆ ಬಂತು. ಗದಗ ಸೀಮೆಯ ಜನ ಅದನ್ನು ಜರ್ಮನ್ ದವಾಖಾನಿ ಅನ್ನುತ್ತಾರೆ. ದೇವರ ಸೇವೆ ಎಂದರೆ ಗುಡಿಯೂ ಹೌದು, ದವಾಖಾನಿಯೂ ಹೌದು ಎಂದು ನೋಡುತ್ತಲೇ ಬೆಳೆದೆ. ನೌಕರಿಗೆಂದು ಮುಂಬಯಿಗೆ ಬಂದು ಡೊಂಬಿವಲಿಯಲ್ಲಿ ಮನೆ ಮಾಡಿದ ಮೇಲೆ ಕನ್ನಡದವರ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿಕೊಂಡೆ. ಬೀದರ್ ಕಡೆಯ ಮೆಥಡಿಸ್ಟರು, ಹುಬ್ಬಳ್ಳಿ–ಧಾರವಾಡದವರು, ಉಡುಪಿ–ಮಂಗಳೂರಿನವರು ಎಲ್ಲ ಇದ್ದೆವು. ಯಾರಿಗೆ ಕಷ್ಟ ಬಂದರೂ ಹೆಸರು ಬರೆದುಕೊಂಡು ಪ್ರಾರ್ಥಿಸುವ ಹೊಣೆ ನನ್ನದಾಯಿತು. ಕೂಟದಲ್ಲಿ ನನಗೆ ಪ್ರಾರ್ಥನೆಯ ಮನುಷ್ಯ ಎಂಬ ಹೆಸರೂ ಬಂತು.

ರೋಣದ ಕಡೆಯ ಒಬ್ಬ ರೈತರು ಊರಿನವರೊಬ್ಬರಿಂದ ನನ್ನ ನಂಬರು ಪಡೆದು ಫೋನ್ ಮಾಡಿದ್ದು ಆಗಲೇ. ಹೆಂಡತಿಗೆ ರಕ್ತದ ಕ್ಯಾನ್ಸರ್. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಕರೆತಂದಿದ್ದರು. 1941ರಲ್ಲಿ ಶುರುವಾದ ಆ ಆಸ್ಪತ್ರೆಗೆ ಇಡೀ ದೇಶದಿಂದ ಬಡವರು ಬರುತ್ತಾರೆ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದಲೂ ಬರುತ್ತಾರೆ. ರೋಗಿಗೆ ರೈಲಿನಲ್ಲಿ ರಿಯಾಯಿತಿ ಸಿಗುತ್ತದೆ, ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರು ಸಿಗುವುದು ಕಷ್ಟ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕವರು ಪುಣ್ಯವಂತರು. ಉಳಿದವರು ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನಲ್ಲಿ ತಾಡಪಾಲು ಕಟ್ಟಿಕೊಂಡು, ಫೈಲು–ರಿಪೋರ್ಟುಗಳ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾರೆ. ಈ ಗಂಡ–ಹೆಂಡತಿಯೂ ಹಾಗೆಯೇ ಇದ್ದರು. ಹಿಂದಿ ಬರುತ್ತಿರಲಿಲ್ಲ, ಮರಾಠಿ ಅರೆಬರೆ.

ಅವರ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡೆ. ದಿನವೂ ಪ್ರಾರ್ಥಿಸಿದೆ. ನೋಡಲು ಮಾತ್ರ ಹೋಗಲಿಲ್ಲ.

ದೂರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಡೊಂಬಿವಲಿಯಿಂದ ಫೋರ್ಟಿನ ಕಚೇರಿಗೆ ನಾನು ದಿನಾ ಪರೇಲ್ ದಾಟಿಯೇ ಹೋಗುತ್ತಿದ್ದೆ. ಫಾಸ್ಟ್ ಲೋಕಲ್ ದಾದರ್ ಬಿಟ್ಟರೆ ಪರೇಲ್‌ನಲ್ಲಿ ನಿಲ್ಲುವುದಿಲ್ಲ, ಮುಂದೆ ಭಾಯಖಳಾದಲ್ಲೇ ನಿಲ್ಲುವುದು. ಸ್ಲೋ ಗಾಡಿ ಹತ್ತಿದ್ದರೆ ಇಳಿಯಬಹುದಿತ್ತು. ನಾನು ಫಾಸ್ಟ್ ಗಾಡಿಯ ಗದ್ದಲದಲ್ಲಿ ಹಿಡಿಕೆಗೆ ಜೋತುಬಿದ್ದು, ಪರೇಲ್ ಬರುತ್ತಿದ್ದಂತೆ ಕಣ್ಣು ಮುಚ್ಚಿ ಆ ತಾಯಿಗಾಗಿ ಬೇಡಿಕೊಳ್ಳುತ್ತಿದ್ದೆ. ಕಣ್ಣು ಬಿಡುವಷ್ಟರಲ್ಲಿ ಸ್ಟೇಷನ್ ಹಿಂದಾಗಿರುತ್ತಿತ್ತು.

ನಿಜವಾದ ಕಾರಣ ಭಯ. ಒಮ್ಮೆ ಹೋದರೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ನಮ್ಮದು ಒಂದು ರೂಮು, ಒಂದು ಅಡಿಗೆಮನೆ. ಮಳೆಗಾಲದಲ್ಲಿ ಎರಡು ದಿನ ಇರುತ್ತೇವೆ ಅಂದರೆ ಬೇಡ ಅನ್ನುವುದು ಹೇಗೆ? ಹತ್ತಿರ ಹೋಗದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಪ್ರಾರ್ಥಿಸಿದರೆ ಮನಸ್ಸಿಗೂ ಚುಚ್ಚುವುದಿಲ್ಲ. ಎರಡೂ ಅನುಕೂಲವಾಗಿಯೇ ಇದ್ದವು.

ಒಂದು ಸಂಜೆ ಮತ್ತೆ ಫೋನ್ ಬಂತು. “ಅಣ್ಣಾರ, ನಾಳಿಗೆ ಪ್ಲೇಟ್‌ಲೆಟ್ ಬೇಕಂತ ಹೇಳ್ಯಾರ್ರೀ. ನಂದು ಆಗೂದಿಲ್ಲಂತ. ಕೊಡೂ ಮಂದೀನ್ನ ಕರ್ಕೊಂಡ್ ಬಾ ಅಂತಾರ. ನನಗ ಇಲ್ಲಿ ಯಾರ್ ಅದಾರ್ರೀ? ನಿಮ್ಮ ಮಂದ್ಯಾಗ ಯಾರರ ಬರ್ತಾರೇನ್ ನೋಡ್ರಿ.”

ಕೀಮೋ ಕೊಟ್ಟಾಗ ರಕ್ತದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ. ಆಗ ಸಣ್ಣ ರಕ್ತಸ್ರಾವವೂ ಜೀವಕ್ಕೆ ಅಪಾಯ. ತೆಗೆದಿಟ್ಟ ಪ್ಲೇಟ್‌ಲೆಟ್ ಸುಮಾರು ಐದು ದಿನ ಮಾತ್ರ ಉಳಿಯುವುದರಿಂದ ಕೂಡಿಟ್ಟುಕೊಳ್ಳಲು ಆಗದು, ಕೊಡುವವರು ಬರುತ್ತಲೇ ಇರಬೇಕು. ಯಂತ್ರದ ಪಕ್ಕ ಒಂದೆರಡು ಗಂಟೆ ಕೂತರೆ ಸಾಕು. ಅದು ಪ್ಲೇಟ್‌ಲೆಟ್ ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ದೇಹಕ್ಕೇ ಮರಳಿಸುತ್ತದೆ. ಇದೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಆವತ್ತು ನಾನು ಹೇಳಿದ್ದು ಇಷ್ಟೇ: “ಇವತ್ತ ರಾತ್ರಿ ಉಪವಾಸ ಪ್ರಾರ್ಥನೆ ಐತ್ರೀ. ಎಲ್ಲಾರೂ ಕೂಡಿ ಪ್ರಾರ್ಥನೆ ಮಾಡ್ತೀವಿ.”

ಮಾಡಿದೆವು. ಕೋಣೆಯಲ್ಲಿ ಗಟ್ಟಿಮುಟ್ಟಾದ ಹುಡುಗರಿದ್ದರು, ನಾನೂ ಇದ್ದೆ. ಆದರೆ ಪ್ಲೇಟ್‌ಲೆಟ್ ಎಂಬ ಮಾತನ್ನೇ ನಾನು ಎತ್ತಲಿಲ್ಲ. “ಒಬ್ಬ ಸಹೋದರಿ ಬಹಳ ಬಲಹೀನಳಾಗಿದ್ದಾಳೆ, ಕರ್ತನು ಬಲ ಕೊಡಲಿ” ಎಂದು ವಿಷಯ ಹೇಳಿದೆ. ಆ ಮನುಷ್ಯ ನಾಳೆ ಇಷ್ಟು ಹೊತ್ತಿಗೆ, ಇಂಥ ಕಡೆ ಒಬ್ಬ ಬೇಕು ಎಂದು ಬಿಡಿಸಿ ಕೇಳಿದ್ದರು. ಕೂಟದ ಮುಂದೆ ಇಡುವಾಗ ನಾನು ಅದರಿಂದ ಹೊತ್ತು, ಜಾಗ, ಕೆಲಸ ಮೂರನ್ನೂ ತೆಗೆದುಬಿಟ್ಟಿದ್ದೆ. ಉಳಿದದ್ದು ಯಾರೂ ಎದ್ದು ಹೋಗಬೇಕಾಗಿಲ್ಲದ ಒಂದು ಬಿನ್ನಹ.

ಕೆಲವು ದಿನಗಳ ಮೇಲೆ ಅವರೇ ಫೋನ್ ಮಾಡಿದರು. ಪ್ಲೇಟ್‌ಲೆಟ್ ಸಿಕ್ಕಿತಂತೆ, ಹೆಂಡತಿ ಚೇತರಿಸಿಕೊಳ್ಳುತ್ತಿದ್ದಾಳಂತೆ. ನಿಮ್ಮ ಪ್ರಾರ್ಥನೆ ದೊಡ್ಡದು ಎಂದು ಉಪಕಾರ ಸ್ಮರಿಸಿದರು. ಯಾರೋ ಹೇಳಿದರೆಂದು ಬುಧವಾರ ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿಗೂ ಹೋಗಿ ಬಂದಿದ್ದರು. ಅಲ್ಲಿ 1948ರಿಂದ ನಡೆಯುತ್ತಿರುವ ಬುಧವಾರದ ನೊವೆನಾ ಪ್ರಾರ್ಥನೆಗೆ ಎಲ್ಲ ಧರ್ಮದವರೂ ಬರುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಆ ರೈತರು ಸಾಲಿನಲ್ಲಿ ನಿಂತು ಮೇಣದಬತ್ತಿ ಹಚ್ಚಿದ್ದರು.

ಮುಂದಿನ ಭಾನುವಾರ ನಾನು ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳಿದೆ: ನಾವು ಬೇಡಿದೆವು, ದೇವರು ಉತ್ತರ ಕೊಟ್ಟರು. ಎಲ್ಲರೂ ಹಲ್ಲೆಲೂಯಾ ಅಂದರು. ಆರಾಧನೆ ಮುಗಿದು ಚಹಾ ಕುಡಿಯುವಾಗ, ನರ್ಸ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯಕ್ಕ ಹತ್ತಿರ ಬಂದು ಕೇಳಿದರು: “ತಮ್ಮಾ, ರಕ್ತ ಕೊಟ್ಟವರು ಯಾರಪ್ಪಾ?”

ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ. ಅಂದೇ ರೈತರಿಗೆ ಫೋನ್ ಮಾಡಿದೆ. ಬಾಜೂ ತಾಡಪಾಲಿನಲ್ಲಿ ತಾಯಿಯನ್ನು ಕರೆತಂದಿದ್ದ ಬಿಹಾರದ ಹುಡುಗನಂತೆ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಇವರು ಆಸ್ಪತ್ರೆಯ ಚೀಟಿ ತೋರಿಸಿದರು, ಅವನು ಎದ್ದು ಬಂದ. ಆಗಲೇ ತಾಯಿಯನ್ನು ಕರೆದುಕೊಂಡು ಊರಿಗೆ ಹೋಗಿಬಿಟ್ಟಿದ್ದ.

ಯೇಸುಸ್ವಾಮಿ ಹೇಳಿದ ಸಮಾರ್ಯದವನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಯೆರಿಕೋವಿನ ದಾರಿಯಲ್ಲಿ ಪೆಟ್ಟುತಿಂದು ಬಿದ್ದವನನ್ನು ಕಂಡೂ ಯಾಜಕ ಓರೆಯಾಗಿ ಹೋದ. ಅವನು ಕಲ್ಲೆದೆಯವನು ಎಂದೇ ನಾನು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಬಿದ್ದವನಿಗಾಗಿ ಅವನು ದಾರಿಯುದ್ದಕ್ಕೂ ಪ್ರಾರ್ಥಿಸುತ್ತಲೇ ಹೋಗಿರಬಹುದು.

ಹಾಗಾದರೆ ಪ್ರಾರ್ಥನೆ ಬಿಟ್ಟು ಸೇವೆ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಪಂಡಿತಾ ರಮಾಬಾಯಿಯವರನ್ನು ನೆನೆಯುತ್ತೇನೆ. ಕಾರ್ಕಳ ಸೀಮೆಯ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಈ ಹೆಣ್ಣುಮಗಳು 1889ರಲ್ಲಿ ಇದೇ ಮುಂಬಯಿಯ ಚೌಪಾಟಿಯ ಬಳಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896–97ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಗೆ ತಾವೇ ಹೋಗಿ, ಹಸಿದು ಸಾಯುತ್ತಿದ್ದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಬಳಿಯ ಕೇಡಗಾಂವ್‌ನ ತಮ್ಮ ಮುಕ್ತಿ ಸದನದಲ್ಲಿ ಸಾಕಿದರು. 1905ರಲ್ಲಿ ಪ್ರಾರ್ಥನೆಯ ದೊಡ್ಡ ಎಚ್ಚರ ಕಂಡದ್ದೂ ಆ ಮುಕ್ತಿ ಸದನವೇ. ಗಂಟೆಗಟ್ಟಲೆ ಮೊಣಕಾಲೂರಿದವರೇ ಅಲ್ಲಿ ಅನ್ನ ಬೇಯಿಸಿದರು, ಕೂಸುಗಳಿಗೆ ನೀರೆರೆದರು. ಅಷ್ಟು ಜನರ ನೋವನ್ನು ವರ್ಷಗಟ್ಟಲೆ ಹೊರಲು ಪ್ರಾರ್ಥನೆ ಬೇಕೇ ಬೇಕು. ಆಸ್ಪತ್ರೆಗೆ ಹೋಗಲು ಶುರುಮಾಡಿದ ಮೇಲೆ ನನಗೂ ಅದು ತಿಳಿಯಿತು. ಸಂಕಟ ನೋಡುತ್ತ ಕೂತರೆ ಮನಸ್ಸು ಬತ್ತುತ್ತದೆ, ಸಿಟ್ಟು ಬರುತ್ತದೆ, ಕೆಲವರ ಮೇಲೆ ಬೇಸರವೂ ಬರುತ್ತದೆ. ಆಗ ದೇವರ ಮುಂದೆ ಕೂರದೆ ಮಾರನೆಯ ಸಲ ಹೋಗಲು ಕಾಲು ಏಳುವುದಿಲ್ಲ.

ನಡೆದದ್ದೆಲ್ಲವನ್ನೂ ಕೂಟದಲ್ಲಿ ಹೇಳಿಕೊಂಡೆ. ಪ್ರಾರ್ಥನಾ ಪಟ್ಟಿಯಲ್ಲಿ ಈಗ ಪ್ರತಿ ಹೆಸರಿನ ಮುಂದೆ ಇನ್ನೆರಡು ವಿಷಯ ಬರೆಯುತ್ತೇವೆ: ಏನು ಬೇಕಾಗಿದೆ, ಯಾರು ಹೋಗುತ್ತಾರೆ. ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಓದುತ್ತೇವೆ. ಡಬ್ಬಿ ಊಟ ಬೇಕೆಂದಿದ್ದರೆ ಡಬ್ಬಿ ಊಟ, ಹಿಂದಿಯಲ್ಲಿ ಡಾಕ್ಟರ ಹತ್ತಿರ ಮಾತಾಡುವವರು ಬೇಕೆಂದಿದ್ದರೆ ಅದೇ. ರಕ್ತದ ಗುಂಪುಗಳ ಪಟ್ಟಿಯೂ ಇದೆ, ಅದರಲ್ಲಿ ನನ್ನ ಹೆಸರಿದೆ. ಕೆಲವೊಮ್ಮೆ ಹೋಗುವವರ ಜಾಗ ಖಾಲಿ ಉಳಿಯುತ್ತದೆ. ಆಗ ಅದನ್ನು ಖಾಲಿ ಎಂದೇ ದೇವರ ಮುಂದೆ ಒಪ್ಪಿಕೊಳ್ಳುತ್ತೇವೆ.

ಆ ತಾಯಿ ಬದುಕಿ ಊರು ಸೇರಿದಳು. ಹಾಗಾಗಿ ನನ್ನ ತಪ್ಪು ದೊಡ್ಡದಲ್ಲ ಎಂದವರೂ ಇದ್ದಾರೆ. ಆಕೆ ಉಳಿದದ್ದು ದೇವರ ದಯೆ. ಅದನ್ನು ನನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಲಾರೆ. ಆ ರಾತ್ರಿ ನಾವು ಬೇಡಿದ್ದನ್ನು ದೇವರು ಕೇಳಿಸಿಕೊಂಡರು ಎಂದು ಇವತ್ತಿಗೂ ನಂಬುತ್ತೇನೆ. ಉತ್ತರವಾಗಿ ಮೊದಲು ನನ್ನನ್ನೇ ಕಳಿಸಬೇಕೆಂದಿದ್ದರು, ನಾನು ಏಳಲಿಲ್ಲ ಎಂದೂ ನಂಬುತ್ತೇನೆ. “ನಿಮಗಾಗಿ ಪ್ರಾರ್ಥಿಸುತ್ತೇನೆ” ಎಂದು ಯಾರಿಗಾದರೂ ಹೇಳುವವರು ದಯವಿಟ್ಟು ಅದೇ ಉಸಿರಿನಲ್ಲಿ “ನಾಳೆ ನಿಮಗೆ ಏನು ಬೇಕು?” ಎಂದೂ ಕೇಳಿ. ಕೇಳಿ, ಉತ್ತರ ಬರುವ ತನಕ ಫೋನ್ ಇಡಬೇಡಿ.