ಬೆಳಕಿನ ಬದಿಯ ಕೆಲಸ

ಎಂ.ಎ. ಓದುವಾಗ ಮಂಗಳೂರಿನ ಪುರಭವನದಲ್ಲಿ ನಮ್ಮ ತಂಡದ ನಾಟಕಕ್ಕೆ ಬೆಳಕು ನೋಡಿಕೊಂಡೆ. ಪಾತ್ರ ಸಿಗದವರ ಪಾಲಿಗೆ ಬರುವ ಕೆಲಸವದು. ಆದರೆ ಕೊನೆಯ ಮಾತಿನ ನಂತರ ನಟಿಯ ಮುಖದ ಮೇಲೆ ಬೆಳಕು ಎಷ್ಟು ಹೊತ್ತು ನಿಲ್ಲಬೇಕು, ಡಿಮ್ಮರ್ ಎಷ್ಟು ನಿಧಾನ ಇಳಿಯಬೇಕು ಎಂದು ಲೆಕ್ಕ ಹಾಕುತ್ತ, ನಾಟಕ ಓದುವ ಇನ್ನೊಂದು ಕ್ರಮ ಸಿಕ್ಕಿತು.

ಕರಾವಳಿಯ ಯಕ್ಷಗಾನ ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ತಿಗೆ ಬಂತು. ಹಳೆಯ ಭಾಗವತರ, ವೇಷಧಾರಿಗಳ ಹೆಸರು ನಮಗೆ ಗೊತ್ತು. ದೊಂದಿಗೆ ಎಣ್ಣೆ ಹೊಯ್ದವರ ಹೆಸರು ಗೊತ್ತಿಲ್ಲ. ಹೆಗ್ಗೋಡಿನಲ್ಲಿ ಈ ಕೆಲಸ ಪಾಠವಾಯಿತು. ನೀನಾಸಮ್ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದಲ್ಲಿ ನಟನೆಯ ಜೊತೆ ಬೆಳಕು, ರಂಗಸಜ್ಜಿಕೆಯನ್ನೂ ಕಲಿಸುತ್ತಾರೆ. 1985ರಿಂದ ಅದರ ತಿರುಗಾಟ ತಂಡ ನಾಟಕದೊಂದಿಗೆ ರಂಗಪರಿಕರಗಳನ್ನೂ ಊರೂರಿಗೆ ಒಯ್ಯುತ್ತಿದೆ.

ಈಗ ನಾನು ಪಿಎಚ್.ಡಿ. ವಿದ್ಯಾರ್ಥಿ. ಫೆಲೋಶಿಪ್ ಬಾರದ ತಿಂಗಳುಗಳಲ್ಲಿ ರೂಮಿನ ಬಾಡಿಗೆ ಹೊರಡುವುದು ಮದುವೆ ಹಾಲ್‌, ಸಮ್ಮೇಳನಗಳ ಲೈಟಿಂಗ್ ಸಂಬಳದಿಂದ. “ಇಷ್ಟು ಓದಿ ವಯರ್ ಎಳೆಯುವುದಾ?” ಎಂದು ಅಮ್ಮ ಕೇಳುತ್ತಾರೆ. ಅವರ ಭಯ ಸುಳ್ಳಲ್ಲ. ಈ ಕೆಲಸಕ್ಕೆ ಪಿಂಚಣಿಯಿಲ್ಲ, ಮಳೆಗಾಲದಲ್ಲಿ ಕರೆಯೂ ಕಡಿಮೆ.

ಪ್ರಬಂಧ ಮುಗಿಸುತ್ತೇನೆ. ಆದರೆ ಉಪನ್ಯಾಸಕ ಹುದ್ದೆ ಸಿಗುವವರೆಗಿನ ತಾತ್ಕಾಲಿಕ ಕೆಲಸವೆಂದು ಇದನ್ನು ಕರೆಯುವುದನ್ನು ಈ ವರ್ಷ ಬಿಟ್ಟಿದ್ದೇನೆ.